ಮೆದುಳಿಗೆ ಕರೆಂಟ್ ಕೊಟ್ಟು ಬಿಡಿಸುವ ನಕ್ಷೆ: ಹೆದರಿಕೆ ಎಷ್ಟು, ಹುರುಳು ಎಷ್ಟು?

2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪೆನಿ ಮೊದಲ ಸಲ ಮನುಷ್ಯನೊಬ್ಬನ ಮೆದುಳಿಗೆ ಚಿಪ್ ಕೂರಿಸಿತು. ಮೇ ತಿಂಗಳಲ್ಲಿ ಹಾರ್ವರ್ಡ್ ಮತ್ತು ಗೂಗಲ್ ತಂಡ ಮನುಷ್ಯನ ಮೆದುಳಿನ ಒಂದು ಘನ ಮಿಲಿಮೀಟರ್ ಚೂರಿನ ನಕ್ಷೆ ಪ್ರಕಟಿಸಿತು. ಅಕ್ಟೋಬರ್‌ನಲ್ಲಿ ಹಣ್ಣಿನ ನೊಣದ ಇಡೀ ಮೆದುಳಿನ ನಕ್ಷೆ ಬಂತು. ಅದರಲ್ಲಿ ಸುಮಾರು 1,39,000 ನರಕೋಶಗಳಿವೆ. ಡಿಸೆಂಬರ್‌ನಲ್ಲಿ ಐಐಟಿ ಮದ್ರಾಸ್‌ನವರು ಗರ್ಭಸ್ಥ ಶಿಶುವಿನ ಮೆದುಳಿನ 5,132 ಸೀಳುಗಳ ಚಿತ್ರಸಂಗ್ರಹ ಹೊರತಂದರು.

ಓದುವವರಿಗೆ ಇವೆಲ್ಲ ಒಂದೇ ಸುದ್ದಿಯ ಹಾಗೆ ಕಾಣುತ್ತವೆ. ಇವುಗಳ ಜೊತೆಗೆ ‘ಮೆದುಳಿಗೆ ನೇರವಾಗಿ ವಿದ್ಯುತ್ ಹರಿಸಿ ಸಂಪರ್ಕಗಳ ನಕ್ಷೆ ಮಾಡುತ್ತಿದ್ದಾರೆ’ ಅನ್ನುವ ಸುದ್ದಿಯೂ ಸೇರಿಕೊಂಡರೆ ಕೇಳಬೇಕೇ? ಮಂಗಳೂರು, ಉಡುಪಿಯ ವಾಟ್ಸಾಪ್ ಗ್ರೂಪುಗಳನ್ನು ದಾಟುವಷ್ಟರಲ್ಲಿ ಅದು ‘ಮನಸ್ಸು ಓದುವ ಯಂತ್ರ’ ಆಗಿರುತ್ತದೆ. ಇಲ್ಲವೇ ‘ಫಿಟ್ಸ್‌ಗೆ ಕರೆಂಟ್ ಚಿಕಿತ್ಸೆ’ ಆಗಿರುತ್ತದೆ. ಎರಡೂ ತಪ್ಪು. ಆದರೆ ತಪ್ಪು ಎಲ್ಲಿದೆ ಅನ್ನುವುದನ್ನು ಬಿಡಿಸಿ ನೋಡುವುದು ಒಳ್ಳೆಯದು. ಯಾಕೆಂದರೆ ಈ ವಿದ್ಯೆಯಲ್ಲಿ ಕರಾವಳಿಯವರಿಗೆ ಬೇರೆಯವರಿಗಿಂತ ಜಾಸ್ತಿ ಸಂಬಂಧಪಡುವ ಸಂಗತಿಯೊಂದಿದೆ.

ಯಾವ ನಕ್ಷೆ ಯಾವುದು?

ನ್ಯೂರಾಲಿಂಕ್ ಚಿಪ್‌ನದ್ದು ನಕ್ಷೆಯೇ ಅಲ್ಲ. ಕೈಕಾಲು ಆಡದವರು ಕಂಪ್ಯೂಟರ್ ನಡೆಸಲು ಮಾಡಿದ ಸಾಧನ ಅದು. ಉಳಿದ ಮೂರು ನಕ್ಷೆಗಳು ದೇಹದಿಂದ ಹೊರತೆಗೆದ ಮೆದುಳನ್ನು ತೆಳ್ಳಗೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು ಮಾಡಿದವು. ಮೊದಲ ಎರಡರಲ್ಲಿ ನರಕೋಶಗಳ ಎಲ್ಲ ಎಳೆಗಳೂ ಕಾಣಬಹುದು. ಆದರೆ ಯಾವ ಎಳೆಯಲ್ಲೂ ಏನೂ ಹರಿಯುತ್ತಿಲ್ಲ.

ವಿದ್ಯುತ್ ಪ್ರಚೋದನೆಯ ನಕ್ಷೆ ಬದುಕಿರುವ, ಎಚ್ಚರವಿರುವ, ಡಾಕ್ಟರ ಜೊತೆ ಮಾತಾಡುತ್ತಿರುವ ಮನುಷ್ಯನ ಮೆದುಳಿನದ್ದು. ಒಂದು ಜಾಗಕ್ಕೆ ಸಣ್ಣ ಕರೆಂಟ್ ಕೊಡುತ್ತಾರೆ. ಅದರ ಪರಿಣಾಮ ಬೇರೆ ಯಾವ ಜಾಗದಲ್ಲಿ, ಎಷ್ಟು ಹೊತ್ತಿನಲ್ಲಿ ಕಾಣಿಸುತ್ತದೆ ಎಂದು ಅಳೆಯುತ್ತಾರೆ. ಸುಮಾರು 8,600 ಕೋಟಿ ನರಕೋಶಗಳಿರುವ ಮನುಷ್ಯನ ಮೆದುಳಿನಲ್ಲಿ ಒಂದೊಂದು ಎಳೆಯನ್ನೂ ಹೀಗೆ ಹಿಡಿಯಲು ಆಗುವುದಿಲ್ಲ. ಇಲ್ಲಿ ಸಿಗುವುದು ಒಂದು ಪ್ರದೇಶಕ್ಕೂ ಇನ್ನೊಂದು ಪ್ರದೇಶಕ್ಕೂ ಇರುವ ದೊಡ್ಡ ಸಂಪರ್ಕಗಳ ಲೆಕ್ಕ.

ಇದು ‘ಶಾಕ್ ಟ್ರೀಟ್‌ಮೆಂಟ್’ ಕೂಡ ಅಲ್ಲ. ಮಾನಸಿಕ ಕಾಯಿಲೆಗೆ ಕೊಡುವ ಆ ಚಿಕಿತ್ಸೆಯಲ್ಲಿ ಅರಿವಳಿಕೆ ಕೊಟ್ಟು, ತಲೆಬುರುಡೆಯ ಹೊರಗಿನಿಂದ ನೂರಾರು ಮಿಲಿಆಂಪಿಯರ್ ಹರಿಸುತ್ತಾರೆ. ಮೂರ್ಛೆ (ಫಿಟ್ಸ್) ಬರಿಸುವುದೇ ಅದರ ಉದ್ದೇಶ. ಇಲ್ಲಿ ಕೊಡುವುದು ಕೆಲವೇ ಮಿಲಿಆಂಪಿಯರ್. ಅದೂ ಕೆಲವು ಮಿಲಿಮೀಟರ್ ಜಾಗಕ್ಕೆ. ಮೂರ್ಛೆ ಬರದ ಹಾಗೆ ನೋಡಿಕೊಳ್ಳುವುದು ಸಾಮಾನ್ಯವಾಗಿ ಇಲ್ಲಿನ ಎಚ್ಚರಿಕೆ.

ಹಿಂದಿನ ಕಥೆಯಲ್ಲಿ ಒಂದು ಕಪ್ಪು ಚುಕ್ಕೆ

1870ರಲ್ಲಿ ಜರ್ಮನಿಯ ಫ್ರಿಟ್ಶ್ ಮತ್ತು ಹಿಟ್ಜಿಗ್ ನಾಯಿಯ ಮೆದುಳಿನ ಮೇಲ್ಪದರಕ್ಕೆ ವಿದ್ಯುತ್ ಮುಟ್ಟಿಸಿದರು. ನಾಯಿಯ ಇನ್ನೊಂದು ಬದಿಯ ಕಾಲು ಅಲುಗಿತು. ನಾಲ್ಕು ವರ್ಷದ ಬಳಿಕ, 1874ರಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ ರಾಬರ್ಟ್ಸ್ ಬಾರ್ತೋಲೋ ಎಂಬ ವೈದ್ಯ ಇದನ್ನು ಮನುಷ್ಯರ ಮೇಲೆ ಮಾಡಿದ. ಮೇರಿ ರಾಫರ್ಟಿ ಎಂಬ ಹೆಂಗಸಿನ ತಲೆಬುರುಡೆ ಹುಣ್ಣಾಗಿ ಸವೆದು ಮೆದುಳು ಕಾಣುತ್ತಿತ್ತು. ಅಲ್ಲಿಗೇ ಸೂಜಿ ಚುಚ್ಚಿ ಕರೆಂಟ್ ಹರಿಸಿದ. ಆಕೆಗೆ ಮೂರ್ಛೆ ಬಂತು. ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆ ಕಾಲದ ವೈದ್ಯರೇ ಇದನ್ನು ಖಂಡಿಸಿದರು.

ಆ ಪ್ರಯೋಗದಿಂದ ಆಕೆಗೆ ಆಗುವ ಉಪಯೋಗ ಏನೂ ಇರಲಿಲ್ಲ. ಹಾಗಾಗಿ ಇಂದಿಗೂ ಈ ಕ್ಷೇತ್ರದ ಮೊದಲ ನಿಯಮ ಒಂದೇ: ರೋಗಿಯ ಚಿಕಿತ್ಸೆಗೆ ಬೇಕಿದ್ದರೆ ಮಾತ್ರ ತಲೆ ತೆರೆಯಬೇಕು, ಸಂಶೋಧನೆಗೆಂದು ಅಲ್ಲ. ಈ ನಿಯಮವೇ ನಕ್ಷೆಯ ಶಕ್ತಿಗೂ ಮಿತಿಗೂ ಕಾರಣ. ಅದು ಮುಂದೆ ಗೊತ್ತಾಗುತ್ತದೆ.

ಚಿಕಿತ್ಸೆಯ ದಾರಿಯಲ್ಲೇ ಇದನ್ನು ಬೆಳೆಸಿದವರು ಕೆನಡಾದ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್. ಮೆದುಳಿಗೆ ನೋವು ಗೊತ್ತಾಗುವುದಿಲ್ಲ. ನೆತ್ತಿಯ ಚರ್ಮಕ್ಕೆ ಮರಗಟ್ಟುವ ಮದ್ದು ಕೊಟ್ಟರೆ ರೋಗಿ ಎಚ್ಚರವಿದ್ದೇ ಆಪರೇಷನ್ ಮಾಡಿಸಿಕೊಳ್ಳಬಹುದು. ಪೆನ್‌ಫೀಲ್ಡ್ ಒಂದೊಂದು ಜಾಗವನ್ನು ಮುಟ್ಟಿ, ಎಲ್ಲಿ ಬೆರಳು ಅಲುಗುತ್ತದೆ, ಎಲ್ಲಿ ನಾಲಿಗೆ ಜುಮ್ಮೆನ್ನುತ್ತದೆ ಎಂದು ಗುರುತು ಹಾಕಿದರು. ಪಠ್ಯಪುಸ್ತಕಗಳಲ್ಲಿ ಕಾಣುವ, ದಪ್ಪ ತುಟಿ, ದೊಡ್ಡ ಕೈಯ ಆ ವಿಚಿತ್ರ ಮನುಷ್ಯನ ಚಿತ್ರ ಹುಟ್ಟಿದ್ದು ಹೀಗೆ.

ಪೆನ್‌ಫೀಲ್ಡ್ ಹೆಸರಲ್ಲಿ ಒಂದು ಉತ್ಪ್ರೇಕ್ಷೆಯೂ ಓಡಾಡುತ್ತಿದೆ. ಮೆದುಳು ಮುಟ್ಟಿದರೆ ಹಳೆಯ ನೆನಪುಗಳು ಟೇಪ್ ರೆಕಾರ್ಡರ್‌ನಂತೆ ಹೊರಬರುತ್ತವೆ ಅಂತ. 1963ರಲ್ಲಿ ಅವರೇ ಕೊಟ್ಟ ಲೆಕ್ಕ ನೋಡಿ. ಕಿವಿಯ ಪಕ್ಕದ ಟೆಂಪೊರಲ್ ಭಾಗವನ್ನು ಪರೀಕ್ಷಿಸಿದ 520 ರೋಗಿಗಳಲ್ಲಿ ಅಂಥ ಅನುಭವ ಹೇಳಿದವರು 40 ಮಂದಿ. ನೂರಕ್ಕೆ ಎಂಟು ಜನರೂ ಇಲ್ಲ.

ಈಗ ಮಾಡುವುದು ಹೇಗೆ?

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರ, ಅಂದರೆ ಫಿಟ್ಸ್ ಕಾಯಿಲೆ, ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನವರಿಗೆ ಮಾತ್ರೆ ಸಾಕು. ಸುಮಾರು ಮೂರರಲ್ಲಿ ಒಂದು ಪಾಲಿನವರಿಗೆ ಸಾಲುವುದಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ, ಫಿಟ್ಸ್ ಶುರುವಾಗುವ ಜಾಗವನ್ನು ಹುಡುಕಿ ತೆಗೆಯಬಹುದೇ ಎಂದು ಡಾಕ್ಟರುಗಳು ಯೋಚಿಸುತ್ತಾರೆ.

ಎಂಆರ್‌ಐಯಲ್ಲಿ ಆ ಜಾಗ ಸ್ಪಷ್ಟವಾಗಿ ಕಂಡರೆ ಕೆಲಸ ಸಲೀಸು. ಕಾಣದಿದ್ದರೆ ತಲೆಬುರುಡೆಗೆ ಸಣ್ಣ ಸಣ್ಣ ತೂತು ಕೊರೆದು, ಒಂದು ಮಿಲಿಮೀಟರ್‌ಗಿಂತ ಸಪೂರದ ಎಲೆಕ್ಟ್ರೋಡ್‌ಗಳನ್ನು (ಮೆದುಳಿನ ವಿದ್ಯುತ್ ಅಳೆಯುವ ತಂತಿಗಳನ್ನು) ಒಳಗೆ ಇಳಿಸುತ್ತಾರೆ. ಒಬ್ಬರಿಗೆ ಹತ್ತು ಹದಿನೈದು ಎಲೆಕ್ಟ್ರೋಡ್ ಇರಬಹುದು. ಪ್ಯಾರಿಸ್‌ನಲ್ಲಿ ತಲೈರಾಕ್ ಮತ್ತು ಬಾಂಕೋ ಎಂಬ ವೈದ್ಯರು ಬೆಳೆಸಿದ ಈ ವಿಧಾನಕ್ಕೆ ಸ್ಟೀರಿಯೋ ಇಇಜಿ ಎಂದು ಹೆಸರು. ರೋಗಿ ಒಂದೆರಡು ವಾರ ಆಸ್ಪತ್ರೆಯಲ್ಲೇ ಇದ್ದು ಫಿಟ್ಸ್ ಬರುವುದನ್ನು ಕಾಯುತ್ತಾರೆ. ಅಪಾಯ ಇಲ್ಲ ಎನ್ನಲಾಗದು. ಒಳಗೆ ರಕ್ತಸ್ರಾವ ಆಗುವ ಸಂಭವ ಸುಮಾರು ನೂರಕ್ಕೆ ಒಂದು.

ಈ ಕಾಯುವ ದಿನಗಳೇ ನಕ್ಷೆಗೆ ಸಿಗುವ ಅವಕಾಶ. ಎಲೆಕ್ಟ್ರೋಡ್ ಹೇಗೂ ಒಳಗಿದೆ. ಒಂದು ಜೋಡಿ ಬಿಂದುಗಳಿಗೆ ಕ್ಷಣಮಾತ್ರದ ಕರೆಂಟ್ ಮಿಡಿತ ಕೊಡುತ್ತಾರೆ. ಒಂದು ಮಿಡಿತದ ಅವಧಿ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು, ಅಥವಾ ಅದಕ್ಕಿಂತಲೂ ಕಡಿಮೆ. ಇದನ್ನೇ ಹತ್ತಾರು ಸಲ ಮಾಡಿ ಸರಾಸರಿ ತೆಗೆಯುತ್ತಾರೆ. ದೂರದ ಇನ್ನೊಂದು ಎಲೆಕ್ಟ್ರೋಡ್‌ನಲ್ಲಿ 10ರಿಂದ 50 ಮಿಲಿಸೆಕೆಂಡ್ ಒಳಗೆ ಅಲೆ ಕಂಡರೆ, ಇಲ್ಲಿಂದ ಅಲ್ಲಿಗೆ ಹೆಚ್ಚುಕಡಿಮೆ ನೇರ ದಾರಿ ಇದೆ ಎಂದು ತಿಳಿಯುತ್ತಾರೆ. ಅದರ ಹಿಂದೆಯೇ ನಿಧಾನದ ಇನ್ನೊಂದು ಅಲೆ ಬರುತ್ತದೆ. ಅದು ಸುತ್ತುಬಳಸಿನ ದಾರಿಗಳದ್ದೂ ಇರಬಹುದು.

2004ರಲ್ಲಿ ರಿಕಿ ಮತ್ಸುಮೊಟೊ ಮತ್ತು ಸಂಗಡಿಗರು ಹೀಗೆ ಮಾತಿನ ಎರಡು ಮುಖ್ಯ ಕೇಂದ್ರಗಳನ್ನು ಪರೀಕ್ಷಿಸಿದರು. ಹಿಂದಿನ ಕೇಂದ್ರದಿಂದ ಮುಂದಿನದಕ್ಕೆ ಮಾತ್ರ ಸಂದೇಶ ಹೋಗುತ್ತದೆ ಎಂಬುದು ಹಳೆಯ ಪಾಠವಾಗಿತ್ತು. ಮುಂದಿನದನ್ನು ಪ್ರಚೋದಿಸಿದಾಗ ಹಿಂದೆಯೂ ಅಲೆ ಕಂಡಿತು. ಆಮೇಲೆ ಫ್ರಾನ್ಸಿನ ಗ್ರೆನೋಬಲ್ ಕೇಂದ್ರವಾಗಿ ನಡೆದ ಎಫ್-ಟ್ರ್ಯಾಕ್ಟ್ ಯೋಜನೆ ಹಲವು ಆಸ್ಪತ್ರೆಗಳ ನೂರಾರು ರೋಗಿಗಳ ಇಂಥ ಮಾಹಿತಿಯನ್ನು ಒಟ್ಟುಗೂಡಿಸಿ ಒಂದು ಅಟ್ಲಾಸ್ ಮಾಡಿತು. ಅಮೆರಿಕದ ಅಯೋವಾದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಎಲೆಕ್ಟ್ರೋಡ್ ಇರುವಾಗಲೇ ರೋಗಿಯನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಕರೆಂಟ್ ಕೊಟ್ಟಾಗ ಇಡೀ ಮೆದುಳಿನ ರಕ್ತದ ಹರಿವು ಹೇಗೆ ಬದಲಾಗುತ್ತದೆ ಎಂದು ನೋಡಿದರು. 26 ರೋಗಿಗಳ ಆ ಮಾಹಿತಿಯನ್ನು 2020ರಲ್ಲಿ ಎಲ್ಲ ಸಂಶೋಧಕರಿಗೂ ತೆರೆದಿಟ್ಟರು.

ಸ್ಕ್ಯಾನ್ ಇರುವಾಗ ಕರೆಂಟ್ ಯಾಕೆ?

ತಲೆ ತೆರೆಯದೆಯೇ ಎಂಆರ್‌ಐಯಲ್ಲಿ ಬಣ್ಣಬಣ್ಣದ ನರದ ಕಟ್ಟುಗಳ ಚಿತ್ರ ಸಿಗುತ್ತದಲ್ಲ, ಅದು ಸಾಲದೇ? ಸಾಲದು.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೂ ಉಡುಪಿಗೂ ಸಂಪರ್ಕ ಇದೆಯೇ ಎಂದು ಊರು ಗೊತ್ತಿಲ್ಲದವರೊಬ್ಬರು ತಿಳಿಯಬೇಕು ಅಂದುಕೊಳ್ಳಿ. ಆಕಾಶದಿಂದ ಫೋಟೋ ತೆಗೆದು ರಸ್ತೆ ಇದೆ ಎನ್ನಬಹುದು. ಎರಡೂ ಕಡೆ ಒಂದೇ ಹೊತ್ತಿಗೆ ಜನ ಸೇರುತ್ತಾರೆ, ಹಾಗಾಗಿ ಸಂಪರ್ಕ ಇರಬೇಕು ಎನ್ನಬಹುದು. ಇಲ್ಲವಾದರೆ ಸ್ಟೇಟ್ ಬ್ಯಾಂಕ್‌ನಲ್ಲಿ ಬಸ್ಸಿನವರ ಕೈಗೆ ಒಂದು ಪಾರ್ಸೆಲ್ ಕೊಟ್ಟು, ಅದು ಉಡುಪಿ ತಲುಪುತ್ತದೆಯೇ, ಎಷ್ಟು ಹೊತ್ತಿಗೆ ಎಂದು ನೋಡಬಹುದು. ಮೂರನೆಯದು ಮಾತ್ರ ಪುರಾವೆ.

ನರದ ಕಟ್ಟುಗಳನ್ನು ತೋರಿಸುವ ಸ್ಕ್ಯಾನ್ ಮೊದಲ ಬಗೆಯದು. ಅದು ನಿಜಕ್ಕೂ ಅಳೆಯುವುದು ನರಗಳ ಉದ್ದಕ್ಕೆ ನೀರಿನ ಕಣಗಳು ಹರಡುವ ರೀತಿಯನ್ನು. ದಾರಿಗಳನ್ನು ಕಂಪ್ಯೂಟರ್ ಊಹಿಸಿ ಗೆರೆ ಎಳೆಯುತ್ತದೆ. 2017ರಲ್ಲಿ 20 ತಂಡಗಳಿಗೆ, ಉತ್ತರ ಮೊದಲೇ ಗೊತ್ತಿರುವ ಒಂದು ಕೃತಕ ಮೆದುಳಿನ ಚಿತ್ರ ಕೊಟ್ಟು ಪರೀಕ್ಷೆ ಮಾಡಿದರು. ಇದ್ದ ಕಟ್ಟುಗಳಲ್ಲಿ ಹೆಚ್ಚಿನವನ್ನು ತಂಡಗಳು ಹಿಡಿದವು. ಆದರೆ ಇಲ್ಲದ ಕಟ್ಟುಗಳನ್ನು ಅದಕ್ಕಿಂತಲೂ ಜಾಸ್ತಿ ಸೃಷ್ಟಿಸಿದವು! ರಕ್ತದ ಹರಿವನ್ನು ಅಳೆಯುವ ಎಫ್‌ಎಂಆರ್‌ಐ ಎರಡನೆಯ ಬಗೆಯದು. ಎರಡು ಜಾಗಗಳು ಒಟ್ಟಿಗೆ ಚುರುಕಾದರೆ ಒಂದು ಇನ್ನೊಂದಕ್ಕೆ ಹೇಳಿದೆ ಎಂದಾಗಬೇಕಿಲ್ಲ. ಮೂರನೆಯದೊಂದು ಎರಡಕ್ಕೂ ಹೇಳಿರಬಹುದು. ಕರೆಂಟ್ ಕೊಟ್ಟಾಗ ಆ ಗೊಂದಲ ಕಡಿಮೆ. ಕಾರಣವನ್ನು ನಾವೇ ಹುಟ್ಟಿಸಿದ್ದೇವೆ, ಹಾಗಾಗಿ ಪರಿಣಾಮ ಯಾವುದರದ್ದು ಎಂಬ ಅನುಮಾನ ಬರುವುದಿಲ್ಲ.

ಇಲ್ಲೂ ತಕರಾರಿದೆ

ಒಂದು ಬಣದವರು, ಮುಖ್ಯವಾಗಿ ರೋಗಿ ಎಚ್ಚರವಿರುವಾಗಲೇ ಮೆದುಳಿನ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸಕರು, ಇದಕ್ಕಿಂತ ನಂಬುವಂಥ ಅಳತೆಗೋಲು ಇಲ್ಲ ಎನ್ನುತ್ತಾರೆ. ಫ್ರಾನ್ಸಿನ ಮಾಂಪೆಲಿಯೇದ ಯೂಗ್ ದುಫೋ ಇವರಲ್ಲಿ ಪ್ರಮುಖರು. ಕರೆಂಟ್ ಮುಟ್ಟಿಸಿದಾಗ ಮಾತು ನಿಂತ ಜಾಗವನ್ನು ಉಳಿಸಿ, ಉಳಿದದ್ದನ್ನು ತೆಗೆದರೆ ರೋಗಿ ಮಾತಾಡುತ್ತಾ ಮನೆಗೆ ಹೋಗುತ್ತಾರೆ. ಇದಕ್ಕಿಂತ ಸಾಕ್ಷಿ ಬೇಕೇ ಎಂಬುದು ಅವರ ವಾದ.

ಇನ್ನೊಂದು ಬಣದ ಪ್ರಶ್ನೆಗಳನ್ನೂ ತಳ್ಳಿಹಾಕುವಂತಿಲ್ಲ. ಹೊರಗಿನಿಂದ ಕೊಟ್ಟ ಕರೆಂಟ್ ನರಕೋಶಕ್ಕಿಂತ ಸುಲಭವಾಗಿ ಅದರ ಉದ್ದನೆಯ ಎಳೆಯನ್ನು ಕೆರಳಿಸುತ್ತದೆ. ಕೆರಳಿದ ಎಳೆಯಲ್ಲಿ ಸಂದೇಶ ಮುಂದಕ್ಕೂ ಹೋಗುತ್ತದೆ, ಹಿಂದಕ್ಕೂ ಹೋಗುತ್ತದೆ. ಸಹಜವಾಗಿ ಮೆದುಳಿನಲ್ಲಿ ಹೀಗಾಗುವುದಿಲ್ಲ. ಜೊತೆಗೆ, ಆ ಜಾಗದಲ್ಲಿ ನಿಲ್ಲದೆ ಸುಮ್ಮನೆ ಹಾದುಹೋಗುವ ಬೇರೆ ಎಳೆಗಳೂ ಕೆರಳಬಹುದು. ಅಂದರೆ ದಾರಿ ಇರುವುದು ನಿಜವಾದರೂ, ದಿಕ್ಕಿನ ಬಗ್ಗೆ ಪೂರ್ತಿ ಖಚಿತವಾಗಿ ಹೇಳುವಂತಿಲ್ಲ. ಮತ್ಸುಮೊಟೊ ಅವರ ಎರಡೂ ದಿಕ್ಕಿನ ಸಂಪರ್ಕದ ಮಾತಿಗೂ ಈ ಪ್ರಶ್ನೆ ತಗಲುತ್ತದೆ.

ಕರೆಂಟ್ ಕೊಟ್ಟರೂ ಏನೂ ಆಗದ ಜಾಗಗಳ ವಿಚಾರವೂ ಇದೆ. 2020ರಲ್ಲಿ 67 ರೋಗಿಗಳ 1,537 ಬಿಂದುಗಳನ್ನು ನೋಡಿದ ಅಧ್ಯಯನವೊಂದು ಬಂತು. ಚಲನೆ, ಸ್ಪರ್ಶ, ನೋಟಕ್ಕೆ ಸಂಬಂಧಿಸಿದ ಜಾಗಗಳನ್ನು ಮುಟ್ಟಿದರೆ ಹೆಚ್ಚಿನ ಸಲ ಏನಾದರೂ ಅನುಭವ ಆಗುತ್ತಿತ್ತು. ಯೋಚನೆ, ನೆನಪಿನಂಥ ಮೇಲಿನ ಕೆಲಸಗಳ ಜಾಗಗಳನ್ನು ಮುಟ್ಟಿದರೆ ಬಹಳ ಸಲ ರೋಗಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಏನೂ ಗೊತ್ತಾಗಲಿಲ್ಲ ಎಂದರೆ ಆ ಜಾಗ ಬೇಡದ್ದು ಎಂದಲ್ಲ ಅಲ್ವಾ? ಅಲ್ಲಿ ಕೆಲಸವನ್ನು ಹಲವು ಜಾಗಗಳು ಹಂಚಿಕೊಂಡಿರುತ್ತವೆ, ಒಂದನ್ನು ಕೆಣಕಿದರೆ ಸಾಲದು.

ಕೆಲವೊಮ್ಮೆ ಬರುವ ಉತ್ತರಗಳು ತಲೆ ತಿರುಗಿಸುವಂತಿರುತ್ತವೆ. 2009ರಲ್ಲಿ ಫ್ರೆಂಚ್ ತಂಡವೊಂದು ಮೆದುಳಿನ ಪರೈಟಲ್ ಭಾಗವನ್ನು (ನೆತ್ತಿಯ ಹಿಂಬದಿಯ ಭಾಗ) ಪ್ರಚೋದಿಸಿದಾಗ ರೋಗಿಗಳಿಗೆ ಕೈ ಅಲ್ಲಾಡಿಸಬೇಕೆಂಬ ಆಸೆ ಹುಟ್ಟಿತು. ಕರೆಂಟ್ ಸ್ವಲ್ಪ ಜಾಸ್ತಿ ಮಾಡಿದಾಗ, ಕೈ ಅಲ್ಲಾಡದಿದ್ದರೂ ಅಲ್ಲಾಡಿಸಿದೆ ಎಂದೇ ನಂಬಿದರು. ಇನ್ನೊಂದು ಜಾಗ ಮುಟ್ಟಿದಾಗ ಕೈ ನಿಜಕ್ಕೂ ಅಲ್ಲಾಡಿತು, ರೋಗಿಗಳು ಮಾತ್ರ ಇಲ್ಲವೆಂದರು.

ನನಗೆ ಕಾಣುವ ಹಾಗೆ, ಈ ಎರಡು ಬಣಗಳ ಜಗಳದಲ್ಲಿ ಅರ್ಧ ಭಾಗ ಬೇರೆ ಬೇರೆ ಪ್ರಶ್ನೆಗಳಿಂದ ಬಂದದ್ದು. ‘ಇದನ್ನು ಕತ್ತರಿಸಿದರೆ ಏನಾಗುತ್ತದೆ’ ಎಂಬ ಶಸ್ತ್ರಚಿಕಿತ್ಸಕರ ಪ್ರಶ್ನೆಗೆ ಕರೆಂಟ್ ಒಳ್ಳೆಯ ಉತ್ತರ ಕೊಡುತ್ತದೆ. ‘ಇದು ದಿನವೂ ಏನು ಕೆಲಸ ಮಾಡುತ್ತದೆ’ ಎಂಬ ವಿಜ್ಞಾನಿಯ ಪ್ರಶ್ನೆಗೆ ಅಷ್ಟು ಚೆನ್ನಾಗಿ ಕೊಡುವುದಿಲ್ಲ.

ಯಾರ ಮೆದುಳಿನ ನಕ್ಷೆ ಇದು?

ರೋಗಿಗೆ ಬೇಕಾದ ಕಡೆ ಮಾತ್ರ ಎಲೆಕ್ಟ್ರೋಡ್ ಇಳಿಸುತ್ತಾರೆ. ಫಿಟ್ಸ್ ಹೆಚ್ಚಾಗಿ ಶುರುವಾಗುವ ಟೆಂಪೊರಲ್ ಭಾಗದ ಮಾಹಿತಿ ರಾಶಿ ಬೀಳುತ್ತದೆ. ಯಾರೂ ಎಲೆಕ್ಟ್ರೋಡ್ ಇಳಿಸದ ಜಾಗಗಳು ಖಾಲಿ ಉಳಿಯುತ್ತವೆ. ನೂರಾರು ಜನರದ್ದನ್ನು ಒಟ್ಟು ಮಾಡುವುದೇ ಈ ಖಾಲಿ ಜಾಗ ತುಂಬಲು. ಆದರೆ ಎಲ್ಲರೂ ಅಪಸ್ಮಾರ ಇರುವವರು, ಔಷಧಿ ತೆಗೆದುಕೊಳ್ಳುತ್ತಿರುವವರು. ವರ್ಷಗಟ್ಟಲೆ ಫಿಟ್ಸ್ ಬಂದ ಮೆದುಳಿನಲ್ಲಿ ದಾರಿಗಳೇ ಬದಲಾಗಿರಬಹುದು. ರೋಗದ ಜಾಗದ ಮಾಹಿತಿಯನ್ನು ಸಂಶೋಧಕರು ಬೇರ್ಪಡಿಸಲು ನೋಡುತ್ತಾರೆ. ಪೂರ್ತಿ ಆಗುವುದಿಲ್ಲ.

ಆರೋಗ್ಯವಂತರ ತಲೆ ತೆರೆದು ಹೋಲಿಸಿ ನೋಡುವಂತೆಯೂ ಇಲ್ಲ, ನೋಡಲೂಬಾರದು. ಹಾಗಾಗಿ ‘ಮನುಷ್ಯನ ಮೆದುಳಿನ ಸಂಪೂರ್ಣ ನಕ್ಷೆ’ ಎಂಬ ತಲೆಬರಹ ಕಂಡರೆ ಅನುಮಾನ ಪಡಿ.

ಮನಸ್ಸು ಓದುವ ಭಯಕ್ಕೂ ಉತ್ತರ ಇಲ್ಲೇ ಇದೆ. ಈ ವಿಧಾನ ದಾರಿಗಳನ್ನು ತೋರಿಸುತ್ತದೆ, ದಾರಿಯಲ್ಲಿ ಸಾಗುವ ವಿಚಾರವನ್ನಲ್ಲ. ತಲೆಗೆ ತೂತು ಕೊರೆಯದೆ, ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸದೆ ಇದನ್ನು ಮಾಡಲು ಆಗುವುದಿಲ್ಲ. ಭಯಪಡಲೇಬೇಕು ಅಂತಿದ್ದರೆ ಮಾಹಿತಿಯ ಬಗ್ಗೆ ಪಡಬಹುದು. ಚಿಲಿ ದೇಶ 2021ರಲ್ಲಿ ಸಂವಿಧಾನ ತಿದ್ದಿ ಮೆದುಳಿನ ಚಟುವಟಿಕೆಯ ಮಾಹಿತಿಗೆ ರಕ್ಷಣೆ ಕೊಟ್ಟಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ಮೆದುಳಿನ ಮಾಹಿತಿಗೆಂದು ಪ್ರತ್ಯೇಕ ವಿಭಾಗ ಇಲ್ಲ.

ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮೆದುಳು

ಕರಾವಳಿಗೆ ಸಂಬಂಧಪಡುವ ಸಂಗತಿ ಇದು. ಎಚ್ಚರದ ಆಪರೇಷನ್‌ನಲ್ಲಿ ಮಾತಿನ ಜಾಗ ಹುಡುಕಲು ಸಾಮಾನ್ಯವಾಗಿ ಚಿತ್ರ ತೋರಿಸಿ ಹೆಸರು ಕೇಳುತ್ತಾರೆ. ಅದೇ ಹೊತ್ತಿಗೆ ಕೆಲವು ಸೆಕೆಂಡ್ ಕರೆಂಟ್ ಕೊಡುತ್ತಾರೆ. ರೋಗಿ ತಡವರಿಸಿದರೆ, ತಪ್ಪು ಹೆಸರು ಹೇಳಿದರೆ, ಆ ಜಾಗವನ್ನು ಮುಟ್ಟುವಂತಿಲ್ಲ. ಅಮೆರಿಕದ ಜಾರ್ಜ್ ಓಜೆಮನ್ 1989ರಲ್ಲಿ 117 ರೋಗಿಗಳ ಲೆಕ್ಕ ಕೊಟ್ಟರು. ಮಾತಿನ ಜಾಗ ಒಬ್ಬೊಬ್ಬರಲ್ಲಿ ಒಂದೊಂದು ಕಡೆ ಇತ್ತು. ಪಠ್ಯಪುಸ್ತಕದ ಚಿತ್ರ ನೋಡಿ ಕತ್ತರಿ ಹಿಡಿಯುವುದು ಅಪಾಯ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಅದಕ್ಕೂ ಮುಂಚೆ, 1978ರಲ್ಲಿ, ಅದೇ ಓಜೆಮನ್ ಮತ್ತು ವಿಟೇಕರ್ ಎರಡು ಭಾಷೆ ಬಲ್ಲ ಇಬ್ಬರು ರೋಗಿಗಳನ್ನು ಪರೀಕ್ಷಿಸಿದ್ದರು. ಕೆಲವು ಜಾಗ ಮುಟ್ಟಿದಾಗ ಎರಡೂ ಭಾಷೆ ಕೆಟ್ಟಿತು. ಬೇರೆ ಕೆಲವು ಜಾಗಗಳಲ್ಲಿ ಒಂದು ಭಾಷೆ ಮಾತ್ರ ಕೆಟ್ಟು ಇನ್ನೊಂದು ಸರಿಯಾಗಿತ್ತು. ಮುಂದೆ ಹೆಚ್ಚು ರೋಗಿಗಳಲ್ಲಿ ಮಾಡಿದ ಅಧ್ಯಯನಗಳಲ್ಲೂ ಇದೇ ಕಂಡಿತು: ಭಾಷೆಗಳಿಗೆ ಹಂಚಿಕೊಂಡ ಜಾಗಗಳೂ ಇವೆ, ಪ್ರತ್ಯೇಕ ಜಾಗಗಳೂ ಇವೆ.

ಈಗ ಬಂಟ್ವಾಳದ ಕಡೆಯ ಒಬ್ಬರನ್ನು ಊಹಿಸಿಕೊಳ್ಳಿ. ಮನೆಯಲ್ಲಿ ತುಳು. ಓದಿದ್ದು ಕನ್ನಡದಲ್ಲಿ. ಅಂಗಡಿಯಲ್ಲಿ ಬ್ಯಾರಿ, ಕೊಂಕಣಿ ಗಿರಾಕಿಗಳ ಜೊತೆ ಅವರದೇ ಮಾತು. ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್. ಇವರನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿ, ‘ಈ ಜಾಗ ಕ್ಷೇಮ’ ಎಂದು ಗುರುತು ಹಾಕಿದರೆ, ಅದು ಕನ್ನಡದ ಮಟ್ಟಿಗೆ ಮಾತ್ರ ನಿಜ. ಹೆಂಡತಿಯ ಜೊತೆ ಆಡುವ ತುಳುವಿಗೆ ಬೇಕಾದ ಜಾಗ ಅದರ ಪಕ್ಕದಲ್ಲೇ ಇರಬಹುದು. ಪರೀಕ್ಷಿಸದ ಭಾಷೆಯ ಬಗ್ಗೆ ನಕ್ಷೆ ಏನೂ ಹೇಳುವುದಿಲ್ಲ.

ಪರೀಕ್ಷೆಯ ಚಿತ್ರಗಳನ್ನೂ ಊರಿಗೆ ಹೊಂದಿಸಬೇಕು. ಹಿಮದಿಂದ ಮಾಡಿದ ಗೊಂಬೆಯ ಚಿತ್ರ ತೋರಿಸಿ ಉಳ್ಳಾಲದ ಮೀನುಗಾರರೊಬ್ಬರು ತಡವರಿಸಿದರೆ ಅದು ಕರೆಂಟಿನಿಂದಲೋ, ಚಿತ್ರವೇ ಗೊತ್ತಿಲ್ಲದ್ದರಿಂದಲೋ? ಹಾಗಾಗಿ ಆಪರೇಷನ್‌ಗೆ ಮುಂಚೆಯೇ ಚಿತ್ರಗಳನ್ನು ತೋರಿಸಿ, ರೋಗಿ ಸಲೀಸಾಗಿ ಹೆಸರಿಸುವವನ್ನು ಮಾತ್ರ ಆರಿಸಿಕೊಳ್ಳುತ್ತಾರೆ. ಮೀನು, ತೆಂಗಿನಕಾಯಿ, ದೋಣಿ ಇದ್ದರೆ ಎಲ್ಲ ಭಾಷೆಗೂ ಆಗುತ್ತದೆ. ಆದರೆ ‘ಸರಿ’, ‘ತಪ್ಪು’ ಎನ್ನಲು ಆಪರೇಷನ್ ಕೋಣೆಯಲ್ಲಿ ಆ ಭಾಷೆ ಗೊತ್ತಿರುವವರು ಒಬ್ಬರಾದರೂ ಇರಬೇಕು. ದುಬಾರಿ ಯಂತ್ರ ತರುವುದಕ್ಕಿಂತ ಇದು ಸುಲಭ. ಆದರೂ ಯಂತ್ರ ಬಂದರೆ ಸುದ್ದಿಯಾಗುತ್ತದೆ, ತುಳು ಬಲ್ಲ ವಾಕ್ ಚಿಕಿತ್ಸಕರು ಬಂದರೆ ಆಗುವುದಿಲ್ಲ.

ಊರಿನ ರೋಗಿಗೆ ಇದರಿಂದ ಏನು?

ಫಿಟ್ಸ್ ಇರುವವರಲ್ಲಿ ಬಹಳ ಜನರಿಗೆ ಈ ನಕ್ಷೆ ಬೇಕಾಗುವುದೇ ಇಲ್ಲ. ಅವರಿಗೆ ಬೇಕಿರುವುದು ಹೊತ್ತು ತಪ್ಪದೆ ಮಾತ್ರೆ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಹಿಡಿಸುವುದನ್ನು ಬಿಟ್ಟು ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುವ ಅಕ್ಕಪಕ್ಕದವರು. ಮದುವೆ ಸಂಬಂಧ ತಪ್ಪೀತು ಎಂದು ಕಾಯಿಲೆಯನ್ನೇ ಮುಚ್ಚಿಡುವ ಮನೆಗಳು ಈಗಲೂ ಇವೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಕಾರಣಗಳಿಂದ ಅಪಸ್ಮಾರವನ್ನು ತೆಗೆದುಹಾಕಿ ಕಾಲು ಶತಮಾನ ಕಳೆದಿದೆ. ಅದಾದದ್ದು 1999ರಲ್ಲಿ.

ಎರಡು ಔಷಧಿಗೂ ಬಗ್ಗದವರ ಕಥೆ ಬೇರೆ. ಅವರು ವರ್ಷಗಟ್ಟಲೆ ಮೂರನೆಯ, ನಾಲ್ಕನೆಯ ಮಾತ್ರೆ ಬದಲಿಸುತ್ತಾ ಕೂರುವ ಬದಲು, ‘ನಮಗೆ ಆಪರೇಷನ್ ಆಗುತ್ತದೆಯೇ, ಅಪಸ್ಮಾರದ ಕೇಂದ್ರಕ್ಕೆ ಒಮ್ಮೆ ತೋರಿಸಬೇಕೇ’ ಎಂದು ಡಾಕ್ಟರರನ್ನು ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಶಸ್ತ್ರಚಿಕಿತ್ಸೆ ಇದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ 1995ರಿಂದ ನಡೆಯುತ್ತಿದೆ. ಮಂಗಳೂರು ಸೆಂಟ್ರಲ್‌ನಲ್ಲಿ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರಬಹುದು.

ಎಲೆಕ್ಟ್ರೋಡ್ ಇಳಿಸುವ ಹಂತಕ್ಕೆ ಬಂದವರ ಮುಂದೆ ಎರಡು ಕಾಗದ ಬರಬಹುದು. ಒಂದು ಚಿಕಿತ್ಸೆಗೆ ಒಪ್ಪಿಗೆ, ಇನ್ನೊಂದು ಸಂಶೋಧನೆಗೆ. ಎರಡನೆಯದಕ್ಕೆ ಸಹಿ ಹಾಕದಿದ್ದರೂ ಚಿಕಿತ್ಸೆ ನಿಲ್ಲಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಹೇಳುತ್ತದೆ. ಸಹಿ ಹಾಕುವ ಹೊತ್ತಿಗೆ, ರೋಗಿ ಮನೆಯಲ್ಲಿ ಯಾವ ಯಾವ ಭಾಷೆ ಆಡುತ್ತಾರೆ ಎಂಬುದನ್ನು ಡಾಕ್ಟರರಿಗೆ ತಿಳಿಸಿಬಿಡಿ. ಆಸ್ಪತ್ರೆಯ ಅರ್ಜಿಯಲ್ಲಿ ಮಾತೃಭಾಷೆ ಎಂದು ಒಂದೇ ಖಾಲಿ ಗೆರೆ ಇದ್ದರೆ, ಅದರ ಕೆಳಗಿನ ಜಾಗದಲ್ಲಿ ಉಳಿದವನ್ನೂ ಬರೆಯಬಹುದು.